ಸಂಡಾಸಿಗೆ ಅತ್ತ ದಿನ

ಪೌರನೀತಿ ಪಾಠ ಮಾಡುವವಳಿಗೆ ಇರಬಾರದ ಗುಣವೊಂದು ನನಗಿದೆ. ಬೇಗ ಸಿಟ್ಟು ಬರುತ್ತದೆ. ನಾನು ಹುಟ್ಟಿದ್ದು ಹಲಸೂರಿನ ಒಂದು ಸಂದಿಯಲ್ಲಿ. ನಮ್ಮ ಮನೆಯೊಳಗೆ ತಮಿಳು, ಬೀದಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಈಗ ಮಹದೇವಪುರದ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಬೆಳಿಗ್ಗೆ ಮೆಟ್ರೋದಲ್ಲಿ ಯಾರಾದರೂ ಬ್ಯಾಗಿನಿಂದ ನನ್ನ ಬೆನ್ನಿಗೆ ತಿವಿದರೆ, ರೈಲು ಇಂದಿರಾನಗರ ದಾಟುವಷ್ಟರಲ್ಲಿ ಅವರ ಜನ್ಮ ಜಾಲಾಡಿರುತ್ತೇನೆ. ಆಮೇಲೆ ಶಾಲೆಗೆ ಹೋಗಿ, ಹತ್ತನೇ ತರಗತಿಯ ಬೋರ್ಡಿನ ಮೇಲೆ 'ಉತ್ತಮ ನಾಗರಿಕನು ಸಹನಶೀಲನಾಗಿರಬೇಕು' ಎಂದು ಬರೆಯುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ಪಾಪ, ನಗುವುದಿಲ್ಲ.

ಹೋದ ವರ್ಷ ನಮಗೊಂದು ತರಬೇತಿ ಕೊಟ್ಟರು. ಪೌರತ್ವ ಶಿಕ್ಷಣದಲ್ಲಿ ಭಾವನೆಗಳ ಪಾತ್ರ ಅಂತ ದೊಡ್ಡ ಬ್ಯಾನರು, ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ತೂಕಡಿಸುವ ನಾವು, ನಮ್ಮ ಹೆಡ್ ಮಾಸ್ಟರೂ ಸೇರಿ. ತರಬೇತಿ ಕೊಡಲು ಬಂದಾತ ನನ್ನ ಮಗನ ವಯಸ್ಸಿನವನು. ಗೋಡೆಗೆ ಒಂದು ಚಾರ್ಟು ಅಂಟಿಸಿದ. ಅದರ ತುಂಬ ಹಳದಿ ಗುಂಡು ಮುಖಗಳು, ನಗುವುದು, ಅಳುವುದು, ಹಲ್ಲು ಕಡಿಯುವುದು. ಈಗ ನಿಮ್ಮ ಮನಸ್ಥಿತಿ ಯಾವುದೋ ಆ ಮುಖದ ಕೆಳಗೆ ಹೆಸರು ಬರೆಯಿರಿ ಎಂದ. ಎಲ್ಲರೂ ನಗುವ ಮುಖದ ಕೆಳಗೆ ಸಾಲುಗಟ್ಟಿದರು. ನಾನು ಹಲ್ಲು ಕಡಿಯುವುದರ ಕೆಳಗೆ ಬರೆದೆ.

"ಮೇಡಂ, ಕೋಪ ನೆಗೆಟಿವ್ ಎಮೋಷನ್. ಅದನ್ನ ಚಪ್ಪಲಿ ಜೊತೆ ತರಗತಿ ಹೊರಗೆ ಬಿಟ್ಟು ಒಳಗೆ ಹೋಗ್ಬೇಕು" ಎಂದ.

"ನಮ್ಮ ಸ್ಕೂಲಲ್ಲಿ ಚಪ್ಪಲಿ ಹೊರಗೆ ಬಿಟ್ರೆ ವಾಪಸ್ ಸಿಗಲ್ಲಪ್ಪ. ಅದಿರ್ಲಿ, ಊಟ ಒಂದು ಗಂಟೆಗೆ ಅಂದಿದ್ರಿ. ಎರಡೂವರೆ ಆಯ್ತು. ಇದಕ್ಕೆ ಯಾವ ಮುಖ ಹಾಕ್ಕೋಬೇಕು?"

ಅವನು ನಕ್ಕ, ಎಲ್ಲರೂ ನಕ್ಕರು, ಊಟ ಮೂರಕ್ಕೆ ಬಂತು. ಪುಳಿಯೋಗರೆ ತಣ್ಣಗೆ ಕೊರೆಯುತ್ತಿತ್ತು.

ನಿಜ ಹೇಳಬೇಕೆಂದರೆ ನಮ್ಮ ಪೌರನೀತಿಗೆ ಗೊತ್ತಿರುವ ಭಾವನೆ ಒಂದೇ, ಹೆಮ್ಮೆ. ಅದಕ್ಕೂ ವರ್ಷದಲ್ಲಿ ದಿನ ಗೊತ್ತುಮಾಡಿದ್ದಾರೆ, ಆಗಸ್ಟ್ ಹದಿನೈದು ಮತ್ತು ಜನವರಿ ಇಪ್ಪತ್ತಾರು. ಆ ದಿನ ಬಿಸಿಲಲ್ಲಿ ನಿಂತು, ಬೂಂದಿ ಪೊಟ್ಟಣ ಕೈಗೆ ಬರುವವರೆಗೆ ಎಲ್ಲರೂ ಹೆಮ್ಮೆಪಡಬೇಕು. ಸಿಟ್ಟು, ನಾಚಿಕೆ, ಭಯ, ಅಳು ಇವೆಲ್ಲ ನಾಗರಿಕರಿಗೆ ಬರುವುದಿಲ್ಲ. ಬಂದರೂ ಪರೀಕ್ಷೆಯಲ್ಲಿ ಬರುವುದಿಲ್ಲ, ಹಾಗಾಗಿ ನಾವು ಕಲಿಸುವುದಿಲ್ಲ.

ಆ ಮಳೆಗಾಲದಲ್ಲಿ ನಮ್ಮ ಶಾಲೆಗೆ ನೀರು ನುಗ್ಗಿತು. ಮಹದೇವಪುರದಲ್ಲಿ ಅದೇನು ಸುದ್ದಿಯಲ್ಲ. ನಮ್ಮ ಶಾಲೆಯ ಸುತ್ತ ಆಕಾಶದೆತ್ತರದ ಗಾಜಿನ ಆಫೀಸುಗಳು, ನಡುವಿನ ತಗ್ಗಿನಲ್ಲಿ ನಾವು. ಎಲ್ಲರ ನೀರೂ ನಮ್ಮಲ್ಲಿಗೇ ಬರುತ್ತದೆ. ನೀರು ಇಳಿದ ಮೇಲೆ ನೋಡಿದರೆ ಪಂಪ್‌ಸೆಟ್ಟು ಸುಟ್ಟುಹೋಗಿತ್ತು. ಪಂಪಿಲ್ಲ ಅಂದರೆ ಮೇಲಿನ ಟ್ಯಾಂಕಿಗೆ ನೀರಿಲ್ಲ, ಟ್ಯಾಂಕಿಗೆ ನೀರಿಲ್ಲ ಅಂದರೆ ಹುಡುಗಿಯರ ಶೌಚಾಲಯಕ್ಕೆ ನೀರಿಲ್ಲ. ಪಂಪು ರಿಪೇರಿ ಮಾಡಿಸಬೇಕಾದವರು ಯಾರು ಎಂದು ಒಂದು ಆಫೀಸು ಇನ್ನೊಂದು ಆಫೀಸನ್ನು ಕೇಳುತ್ತಿತ್ತು, ಅದು ಮತ್ತೊಂದನ್ನು ಕೇಳುತ್ತಿತ್ತು. ನಮ್ಮ ಹೆಡ್ ಮಾಸ್ಟರು ಶೌಚಾಲಯಕ್ಕೆ ಬೀಗ ಜಡಿದು ಕೀ ಜೇಬಿಗೆ ಹಾಕಿಕೊಂಡರು.

"ತೆಗೆದ್ರೆ ಗಲೀಜು ಮಾಡಿಡ್ತಾರೆ ಮೇಡಂ. ಇನ್ಸ್‌ಪೆಕ್ಷನ್‌ಗೆ ಬಂದವ್ರು ನನ್ನ ಕೇಳ್ತಾರೆ."

"ಹುಡುಗೀರು ಏನ್ ಮಾಡ್ಬೇಕು ಸಾರ್?"

"ಅಡ್ಜಸ್ಟ್ ಮಾಡ್ಕೋಬೇಕು."

ಹುಡುಗರಿಗೇನು, ಕಾಂಪೌಂಡು ಗೋಡೆ ಉದ್ದಕ್ಕೂ ಇತ್ತು. ನಮಗೆ, ಮೇಷ್ಟ್ರುಗಳಿಗೆ, ಸ್ಟಾಫ್ ರೂಮಿನ ಹಿಂದೆ ಒಂದು ಕಕ್ಕಸು, ಅದರ ಪಕ್ಕ ದಿನಾ ಹೊರಗಿನಿಂದ ನೀರು ತಂದು ತುಂಬಿಸುವ ಒಂದು ಡ್ರಮ್ಮು. ಹುಡುಗಿಯರು ಮಾತ್ರ ನೀರು ಕುಡಿಯುವುದನ್ನೇ ಬಿಟ್ಟರು. ಬೆಳಿಗ್ಗೆ ತಂದ ಬಾಟಲಿಯನ್ನು ಸಂಜೆ ಹಾಗೇ ತುಂಬಿಕೊಂಡು ಮನೆಗೆ ಒಯ್ಯುತ್ತಿದ್ದರು. ಮಧ್ಯಾಹ್ನದ ಸಾರಿಗೆ ಖಾರ ಹೆಚ್ಚಾದ ದಿನ ತುಟಿ ಊದಿಕೊಂಡು ಕೂರುತ್ತಿದ್ದರು. ನಾನು ಒಂದು ಬಕೆಟ್ ಹಿಡಿದು ಸ್ಟಾಫಿನ ಕಕ್ಕಸಿಗೆ ಅವರನ್ನು ಒಬ್ಬೊಬ್ಬರಾಗಿ ಬಿಡಲು ಶುರುಮಾಡಿದೆ. ಡ್ರಮ್ಮು ಹತ್ತೂವರೆಗೆ ಖಾಲಿಯಾಯಿತು, ಹನ್ನೊಂದಕ್ಕೆ ಗಣಿತದ ಮೇಷ್ಟ್ರು ನನ್ನ ಮೇಲೆ ದೂರು ಕೊಟ್ಟರು.

ಹತ್ತನೇ ತರಗತಿಯಲ್ಲಿ ಯಾದಗಿರಿ ಕಡೆಯ ಹುಡುಗಿಯೊಬ್ಬಳಿದ್ದಳು. ಶಾಲೆಯ ಹಿಂದಿನ ಗೋಡೆಗೆ ಅಂಟಿಕೊಂಡಂತೆ ಸಾಲು ರೂಮುಗಳಿವೆ, ಒಂದೊಂದರಲ್ಲಿ ಒಂದೊಂದು ಸಂಸಾರ, ಹೆಚ್ಚಿನವರು ಅದೇ ಕಡೆಯವರು, ಅವಳ ಮನೆಯೂ ಅಲ್ಲೇ. ಅವಳ ಅಪ್ಪ ಗಾರೆ ಕೆಲಸ, ಅವ್ವ ಬೆಳಗಿನ ಹೊತ್ತು ಅಪಾರ್ಟ್‌ಮೆಂಟುಗಳಲ್ಲಿ ಪಾತ್ರೆ ತೊಳೆಯುವುದು. ಹುಡುಗಿ ಚುರುಕು, ಜೊತೆಗೆ ನನಗಿಂತ ಸಿಡುಕಿ. ತಪ್ಪು ಹೇಳಿಕೊಟ್ಟರೆ ಎದ್ದು ನಿಂತು "ಹಂಗಲ್ರಿ ಮೇಡಂ" ಅನ್ನುವವಳು ಇಡೀ ತರಗತಿಯಲ್ಲಿ ಅವಳೊಬ್ಬಳೇ. ನನಗೆ ಅವಳೆಂದರೆ ಪ್ರಾಣ. ಅದನ್ನು ಅವಳಿಗೆ ಹೇಳಿರಲಿಲ್ಲ, ತಲೆ ಮೇಲೆ ಕೂರುತ್ತಾಳೆ ಅಂತ.

ನವೆಂಬರಿನ ಮೊದಲ ವಾರ ಅವಳ ಅವ್ವ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರು. ಒಳಗೆ ಬನ್ನಿ ಅಂದರೂ ಬರಲಿಲ್ಲ.

"ಹುಡುಗೀನ ಸಾಲಿ ಬಿಡಸ್ತೀವ್ರಿ ಮೇಡಂ. ಈ ತಿಂಗಳ ಮುಗೀಲಿ."

ನಾನು ಎದ್ದು ಬಾಗಿಲಿಗೆ ಹೋದೆ. "ಯಾಕಮ್ಮಾ? ಮಾರ್ಚಲ್ಲಿ ಪರೀಕ್ಷೆ. ಇಷ್ಟು ದಿನ ಓದ್ಸಿ ಈಗ ಬಿಡಿಸ್ತಾರಾ ಯಾರಾದ್ರೂ?"

"ಏನ್ ಮಾಡೂದ್ರಿ. ದೊಡ್ಡಾಕಿ ಆಗ್ಯಾಳ. ಮುಂಜಾನಿಂದ ಸಂಜಿತನ ಹೊಟ್ಟಿ ಹಿಡ್ಕೊಂಡು ಕುಂದರ್ತಾಳ. ಎರಡು ಸಲ ಜ್ವರ ಬಂತು, ಉರಿ ಅಂತ ಅಳ್ತಾಳ. ಡಾಕ್ಟರ್ ಭಾಳ ನೀರ ಕುಡಿ ಅಂತಾನ. ಕುಡದ್ರ ಎಲ್ಲಿಗಿ ಹೋಗ್ಬೇಕ್ರಿ ಆಕಿ? ತಿಂಗಳ ದಿನದಾಗ ಸಾಲಿಗೇ ಬರಂಗಿಲ್ಲ. ನಮ್ಮ ಅಪಾರ್ಟ್‌ಮೆಂಟಿನ್ಯಾಗ ಹೌಸ್‌ಕೀಪಿಂಗ್ ಕೆಲಸ ಅದ. ಅಲ್ಲಿ ಸಂಡಾಸ ತೊಳೀಲಾಕೂ ಸಿಗ್ತದ, ಹೋಗ್ಲಾಕೂ ಸಿಗ್ತದ."

ಆಕೆ ಕಣ್ಣೀರು ಹಾಕಿಕೊಂಡು ಹೇಳಿದ್ದರೆ ಏನಾದರೂ ಸಮಾಧಾನ ಹೇಳಬಹುದಿತ್ತು. ಆಕೆ ಲೆಕ್ಕ ಹಾಕಿ ಮುಗಿಸಿ ಬಂದಿದ್ದರು. ತಿಂಗಳ ಕೊನೆಯವರೆಗೆ ಟೈಮ್ ಕೊಡಿ ಅಂತ ಕೈ ಮುಗಿದೆ. ಹೂಂ ಅಂದು ಹೋದರು.

ಆಗ ನನಗೆ ಹೊಳೆದದ್ದು ಪಠ್ಯಪುಸ್ತಕ. ಸ್ಥಳೀಯ ಸರ್ಕಾರದ ಪಾಠದಲ್ಲಿ ಇದೆಯಲ್ಲ, ನಾಗರಿಕರು ತಮ್ಮ ಕುಂದುಕೊರತೆಗಳನ್ನು ಸಂಬಂಧಪಟ್ಟವರಿಗೆ ಮನವಿ ಮಾಡಿ ಪರಿಹರಿಸಿಕೊಳ್ಳಬಹುದು ಅಂತ. ಸರಿ, ಮಾಡೋಣ. ಐದು ಹುಡುಗಿಯರಿಂದ ಚೆಂದದ ಅಕ್ಷರದಲ್ಲಿ ಅರ್ಜಿ ಬರೆಸಿದೆ. ಕೈ ಕಟ್ಟಿಕೊಂಡು ನಿಲ್ಲುವುದು, ಮೆಲ್ಲಗೆ ಮಾತಾಡುವುದು, ಧನ್ಯವಾದ ಹೇಳುವುದು ಎಲ್ಲ ಕಲಿಸಿದೆ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿಸಿ ಪಾಲಿಕೆಯ ಆಫೀಸಿಗೆ ಕರೆದುಕೊಂಡು ಹೋದೆ. ಮಕ್ಕಳು ನಾನು ಹೇಳಿದ ಹಾಗೇ ಬೆಣ್ಣೆಯಂತೆ ಮಾತಾಡಿದರು.

ಅಲ್ಲಿದ್ದ ಅಧಿಕಾರಿಗೆ ಖುಷಿಯೋ ಖುಷಿ. "ಎಷ್ಟು ಡಿಸಿಪ್ಲಿನ್ ಮೇಡಂ ನಿಮ್ಮ ಮಕ್ಳು! ಗವರ್ನಮೆಂಟ್ ಸ್ಕೂಲ್ ಅಂದ್ರೆ ನಂಬಕ್ಕಾಗಲ್ಲ" ಎಂದರು. ಡ್ರಾಯರಿನಿಂದ ತಲಾ ಒಂದು ಚಾಕಲೇಟು ಕೊಟ್ಟರು. ಜೊತೆಯಲ್ಲಿ ನಿಲ್ಲಿಸಿಕೊಂಡು ಫೋಟೋ ತೆಗೆಸಿದರು. ಆ ಫೋಟೋ ಆವತ್ತು ಸಂಜೆಯೇ ಎಲ್ಲ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. ಪಂಪು ಮಾತ್ರ ಅಲ್ಲೇ ಇತ್ತು, ಸುಟ್ಟುಕೊಂಡು.

ವಾಪಸು ಬರುವಾಗ ಬಸ್ಸಿನಲ್ಲಿ ಆ ಯಾದಗಿರಿ ಹುಡುಗಿ ಚಾಕಲೇಟನ್ನು ನನ್ನ ಕೈಗಿಟ್ಟಳು. "ಮೇಡಂರೀ, ನಾವು ಇದನ್ನ ಕೇಳಿದ್ವೇನ್ರಿ?"

"ಸುಮ್ನಿರೆ. ತಾಳ್ಮೆ ಇರ್ಬೇಕು" ಎಂದೆ. ಒಳಗೊಳಗೇ ನನಗೆ ಮೈ ಪರಚಿಕೊಳ್ಳುವಷ್ಟು ಸಿಟ್ಟು ಬಂದಿತ್ತು.

ಮಕ್ಕಳ ದಿನಾಚರಣೆಗೆ ಮೇಲಿನ ಆಫೀಸಿನ ಒಬ್ಬ ದೊಡ್ಡ ಸಾಹೇಬರು ನಮ್ಮ ಶಾಲೆಗೆ ಬರುತ್ತಾರೆ, ಮಕ್ಕಳ ಅಹವಾಲು ಕೇಳುತ್ತಾರೆ ಅಂತ ಸುದ್ದಿ ಬಂತು. ಹೆಡ್ ಮಾಸ್ಟರಿಗೆ ನಡುಕ ಹತ್ತಿತು. ನನಗೆ ಇದೇ ಕೊನೆಯ ದಾರಿ ಅನ್ನಿಸಿತು. ಮಾತಾಡಲು ಅವಳನ್ನೇ ಆರಿಸಿದೆ. ಭಾಷಣ ನಾನು ಬರೆದುಕೊಟ್ಟೆ, ಹೆಡ್ ಮಾಸ್ಟರು ತಿದ್ದಿದರು. ಬೀಗ ಎಂಬ ಮಾತು ಹೋಯಿತು. ಸುಟ್ಟ ಪಂಪು ಹೋಯಿತು. ಉಳಿದದ್ದು ಇಷ್ಟು: 'ಮಾನ್ಯರೇ, ನಮ್ಮ ಶಾಲೆಯಲ್ಲಿ ಶೌಚಾಲಯದ ವ್ಯವಸ್ಥೆ ಉತ್ತಮವಾಗಿದ್ದು, ಅದನ್ನು ಇನ್ನಷ್ಟು ಉತ್ತಮಗೊಳಿಸಬೇಕೆಂದು ಕೋರುತ್ತೇವೆ.'

"ಮೇಡಂರೀ, ಇದು ಸುಳ್ಳದಲ್ರಿ" ಎಂದಳು ಹುಡುಗಿ.

"ಮೊದ್ಲು ಇಷ್ಟು ಹೇಳು. ಆಮೇಲೆ ಅವ್ರು ಏನಾದ್ರೂ ಕೇಳಿದ್ರೆ ನಿಜ ಹೇಳು. ಆದ್ರೆ ಮೆತ್ತಗೆ. ಸಿಟ್ಟು ಮಾಡ್ಕೋಬೇಡ."

"ಸಿಟ್ಟು ಮಾಡ್ಕೊಳ್ಳಾಂಗಿಲ್ಲ. ಸಿಟ್ಟು ತಡದ್ರ ಅಳು ಬರ್ತದ್ರಿ ನನಗ."

"ಅಳೋದೂ ಬೇಡ!" ಎಂದು ಗದರಿದೆ. ಕೈಯಲ್ಲಿದ್ದ ಡಸ್ಟರು ಮೇಜಿಗೆ ಬಡಿದು ಸುಣ್ಣದ ಪುಡಿ ಇಬ್ಬರ ಮುಖಕ್ಕೂ ಹಾರಿತು.

ಆ ದಿನ ಅಂಗಳದಲ್ಲಿ ಶಾಮಿಯಾನ ಹಾಕಿಸಿದರು. ಸಾಹೇಬರ ಕಣ್ಣಿಗೆ ಧೂಳು ಬೀಳಬಾರದೆಂದು ಹೆಡ್ ಮಾಸ್ಟರು ಡ್ರಮ್ಮಿನಲ್ಲಿದ್ದ ನೀರನ್ನೆಲ್ಲ, ಅಡುಗೆ ಮುಗಿದು ಉಳಿದದ್ದನ್ನೂ ಸೇರಿಸಿ, ಅಂಗಳಕ್ಕೆ ಚಿಮುಕಿಸಿ, ಮಿಕ್ಕಿದ್ದನ್ನು ಬಾಡಿಗೆಗೆ ತಂದ ಹೂಕುಂಡಗಳಿಗೆ ಹಾಕಿಸಿದರು. ವೇದಿಕೆಯ ಮೇಜಿನ ಮೇಲೆ ಅತಿಥಿಗಳಿಗೆಂದು ನೀರಿನ ಪುಟ್ಟ ಬಾಟಲಿಗಳು. ಸಾಹೇಬರು ಹನ್ನೊಂದೂವರೆಗೆ ಬಂದರು. ರೇಷ್ಮೆ ಅಂಗಿ, ಗಮಗಮ ಸೆಂಟು. ಬಂದವರೇ, ಕೆ.ಆರ್. ಪುರದಲ್ಲಿ ತಮ್ಮ ನಾದಿನಿಯ ಮಗಳ ನಿಶ್ಚಿತಾರ್ಥವಿದೆ, ಇಲ್ಲಿಂದ ನೇರ ಅಲ್ಲಿಗೇ ಹೋಗಬೇಕು, ಬೇಗ ಮುಗಿಸಿ ಎಂದರು.

ಹುಡುಗಿ ಮೈಕಿನ ಮುಂದೆ ನಿಂತಳು. ಸಮವಸ್ತ್ರದ ವೇಲನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ಮಾನ್ಯರೇ, ನಮ್ಮ ಶಾಲೆಯಲ್ಲಿ ಶೌಚಾಲಯದ ವ್ಯವಸ್ಥೆ..." ಎಂದವಳು ನಿಂತುಬಿಟ್ಟಳು. ಹೆಡ್ ಮಾಸ್ಟರು ಪಕ್ಕದಿಂದ "ಉತ್ತಮವಾಗಿದ್ದು, ಉತ್ತಮವಾಗಿದ್ದು" ಎಂದು ತುಟಿಯಲ್ಲೇ ಹೇಳಿಕೊಟ್ಟರು. ಅವಳು ಅವರನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ವೇಲನ್ನು ತಲೆ ಮೇಲೆ ಎಳೆದುಕೊಂಡು, ವೇದಿಕೆಯ ಮೇಲೇ ನೆಲಕ್ಕೆ ಕುಕ್ಕರಿಸಿ, ಹಾಡಿಕೊಂಡು ಅಳಲು ಶುರುಮಾಡಿದಳು.

"ಎವ್ವಾ ನನ್ನ ಸಂಡಾಸೇ, ಎಷ್ಟು ಚೆಂದ ಇದ್ದೆವ್ವಾ! ಬಿಳೇ ಟೈಲ್ಸ್ ಹಾಕ್ಕೊಂಡು ಮದುಮಗಳಾಗಿ ನಿಂತಿದ್ದೆವ್ವಾ! ರಿಬ್ಬನ್ ಕತ್ತರಿಸ್ಲಾಕ ಊರಮಂದಿ ಬಂದಿದ್ರವ್ವಾ, ಒಂದು ಚರಗಿ ನೀರ ಹಾಕ್ಲಾಕ ಒಬ್ಬರೂ ಬರ್ಲಿಲ್ಲವ್ವಾ! ನಿನ್ನ ಬಾಯಿಗಿ ಬೀಗ ಜಡದು, ಹೆಡ್ ಮಾಸ್ತರ ಕೀಲಿ ಕಿಸೇದಾಗ ಇಟ್ಕೊಂಡಾನವ್ವಾ!"

ಅವಳ ಊರ ಕಡೆ ಸಾವಾದ ಮನೆಯಲ್ಲಿ ಹೆಂಗಸರು ಹೀಗೇ ಅಳುವುದು, ಸತ್ತವರ ಗುಣವನ್ನೆಲ್ಲ ರಾಗವಾಗಿ ಹೇಳಿಕೊಂಡು. ನಮ್ಮ ಹಲಸೂರಿನಲ್ಲಿ ಇದಕ್ಕೆ ಒಪ್ಪಾರಿ ಅನ್ನುತ್ತಾರೆ. ರಸೆಲ್ ಮಾರುಕಟ್ಟೆಯಲ್ಲಿ ಹೂ ಮಾರುತ್ತಿದ್ದ ನಮ್ಮಜ್ಜಿ ಒಪ್ಪಾರಿಯಲ್ಲಿ ಎತ್ತಿದ ಕೈ. ಸತ್ತವನನ್ನು ಬರೀ ಹೊಗಳುತ್ತಿರಲಿಲ್ಲ. ಕುಡಿದು ಬಂದು ಬಾಗಿಲು ಒದೆಯುತ್ತಿದ್ದ ಕಾಲು ಈಗ ಹೀಗೆ ಚಾಚಿಕೊಂಡಿತಲ್ಲ ಅಂತಲೂ ಸೇರಿಸುತ್ತಿದ್ದಳು. ಹೆಣದ ಮುಂದೆ ಕೂತು ಅಳುವವಳ ಬಾಯಿ ಯಾರೂ ಮುಚ್ಚಿಸುವಂತಿಲ್ಲ. ಗಂಡ, ಮಾವ, ಪೊಲೀಸು, ಯಾರು ನಿಂತಿದ್ದರೂ ಕೇಳಿಸಿಕೊಳ್ಳಲೇಬೇಕು.

ಹುಡುಗರು ಮೊದಲು ಕಿಸಕ್ಕೆಂದರು. ಹೆಡ್ ಮಾಸ್ಟರು ಕೈ ಬೀಸಿದರು, ಯಾರೋ ಮೈಕ್ ಆರಿಸಿದರು. ಆ ಗಂಟಲಿಗೆ ಮೈಕು ಯಾಕೆ ಬೇಕು? ಅಷ್ಟರಲ್ಲಿ ಅವಳ ಹಾಡು ತಿರುಗಿತು.

"ಎಪ್ಪಾ ನನ್ನ ಸಾಲೀ, ಕಿಟಕಿ ಬಾಜೂಕ ಕುಂದರ್ತಿದ್ನಲ್ಲಪ್ಪಾ! ಇನ್ನ ಆ ಜಾಗದಾಗ ಯಾರ್ ಕುಂದರ್ತಾರಪ್ಪಾ! ಹಂಗಲ್ರಿ ಮೇಡಂ ಅನ್ನಾಕಿ ಒಬ್ಬಾಕಿ ಇದ್ದಳಂತ ನೆನಸ್ತೀಯೇನಪ್ಪಾ!"

ನಗು ನಿಂತಿತು. ನಮ್ಮ ಸಂದಿಯಲ್ಲಿ ಒಂದು ಹೆಣ್ಣು ಒಂಟಿಯಾಗಿ ಒಪ್ಪಾರಿ ಇಟ್ಟರೆ, ಪಕ್ಕದಲ್ಲಿ ನಿಂತು ನೋಡುವವಳಿಗಿಂತ ಕಡೆ ಯಾರೂ ಇಲ್ಲ. ಹೋಗಿ ಹೆಗಲು ಹಿಡಿದು ಕೂರಬೇಕು, ದನಿ ಸೇರಿಸಬೇಕು. ಸರ್ಕಾರಿ ನೌಕರಿ, ಬಡ್ತಿ, ಸಾಹೇಬರು ಇವೆಲ್ಲ ತಲೆಗೆ ಬರುವ ಮೊದಲೇ ನಾನು ವೇದಿಕೆ ಹತ್ತಿ ಅವಳನ್ನು ತಬ್ಬಿ ಕೂತಿದ್ದೆ. ಇಸ್ತ್ರಿ ಸೀರೆ ಮಣ್ಣಾಯಿತು. ನಾನು ತಮಿಳಿನಲ್ಲಿ ಶುರುಮಾಡಿದೆ, ಅವಳು ಯಾದಗಿರಿಯ ಕನ್ನಡದಲ್ಲಿ ಮುಂದುವರಿಸಿದಳು. ಮಿಕ್ಕ ಹುಡುಗಿಯರು ಸುತ್ತ ಬಂದು ಕೂತರು. ಅಡುಗೆಯ ಅಕ್ಕಂದಿರಿಬ್ಬರು ಸೌಟು ಹಿಡಿದೇ ಓಡಿಬಂದು ಸೇರಿಕೊಂಡರು. ನಾನು ನನ್ನ ಸಿಟ್ಟನ್ನೆಲ್ಲ ಆವತ್ತು ಅತ್ತುಬಿಟ್ಟೆ. ಎಷ್ಟು ಹಾಯ್ ಅನ್ನಿಸಿತು ಅಂದರೆ, ಸಂಕೋಚವೇ ಆಗಲಿಲ್ಲ.

ಗೋಡೆಯಾಚೆಯ ಸಾಲು ರೂಮುಗಳಿಗೆ ಈ ದನಿ ಕೇಳದೆ ಇರುತ್ತದೆಯೇ? ಅಳು ಕೇಳಿದರೆ ಹೋಗಲೇಬೇಕು, ಅದು ಅವರ ಪದ್ಧತಿ. ಶಾಲೆಯಲ್ಲಿ ಯಾರೋ ತೀರಿಕೊಂಡರು ಅಂತ ಹೆಂಗಸರೆಲ್ಲ ಸೆರಗು ಹೊದ್ದು ಗೇಟಿನೊಳಗೆ ನುಗ್ಗಿದರು. ಎಲ್ಲರಿಗಿಂತ ಮುಂದೆ, ಕಾಲಲ್ಲಿ ಚಪ್ಪಲಿಯಿಲ್ಲದೆ, ಆ ಹುಡುಗಿಯ ಅವ್ವ. ಮಗಳ ದನಿ ಅಂತ ಗುರುತು ಸಿಕ್ಕಿತ್ತು, ಯಾಕೆ ಅಂತ ಗೊತ್ತಿರಲಿಲ್ಲ. ಮಗಳು ಜೀವಂತ ಕೂತಿರುವುದು ಕಂಡದ್ದೇ ತಡ, ಬೆನ್ನಿಗೆ ಒಂದು ಗುದ್ದಿದರು.

"ಯಾರ್ ಸತ್ತಾರಂತ ಹಿಂಗ ಅಳ್ಲತ್ತೀ? ಜೀವ ಹೋದಂಗ ಆಯ್ತಲ್ಲ ನನ್ನದು!"

ಹುಡುಗಿ ತಲೆ ಎತ್ತಲಿಲ್ಲ. "ಈ ತಿಂಗಳ ಮುಗದ್ರ ನನ್ನ ಸಾಲಿ ಸಾಯ್ತದ ಬೇ. ಅವತ್ತು ನಾ ಅಪಾರ್ಟ್‌ಮೆಂಟಿನ್ಯಾಗ ನೆಲ ಒರಸ್ತಿರ್ತೀನಿ. ಅಳ್ಲಾಕ ರಜಾ ಕೊಡ್ತಾರೇನು? ಅದಕ್ಕ ಈಗೇ ಅಳ್ಲತ್ತೀನಿ."

ಅವ್ವ ಪಕ್ಕದಲ್ಲಿ ಕೂತು, ಸೆರಗಿನಿಂದ ಮಗಳ ಮೂಗನ್ನು ಕಿತ್ತುಬರುವ ಹಾಗೆ ಒರೆಸಿದರು. ಉಳಿದ ಹೆಂಗಸರಿಗೆ ವಿಷಯ ತಿಳಿಯಿತು. ತಿಳಿದ ಮೇಲೂ ಅವರೇನೂ ಅಳು ನಿಲ್ಲಿಸಲಿಲ್ಲ, ಬಂದದ್ದು ಬಂದಾಯಿತು ಅಂತ ಒಂದು ಸುತ್ತು ಪೂರ್ತಿ ಅತ್ತೇ ಎದ್ದರು.

ಆಮೇಲೆ ಆದದ್ದು ನಾನು ಕಲಿಸಿದ ಯಾವ ಪಾಠದಲ್ಲೂ ಇರಲಿಲ್ಲ. ಎದ್ದವರಲ್ಲಿ ಹಿರಿಯಳಾದ ಒಬ್ಬ ಅಜ್ಜಿ ಹೆಡ್ ಮಾಸ್ಟರ ಮುಂದೆ ಹೋಗಿ ನಿಂತಳು.

"ನೀರ ಎಲ್ಲಿ ಅದಾವ್ರಿ ಸಾಹೇಬ್ರ? ಕಾಲ ತೊಳ್ಕೋಬೇಕು."

"ಯಾಕಮ್ಮಾ?"

"ಯಾಕಂದ್ರ? ಅಳು ಬಿದ್ದ ಜಾಗಕ್ಕ ಬಂದೀವಿ. ಕಾಲ ತೊಳೀಲಾರ್ದ ಮನಿ ಹೊಕ್ಕೋತಾರೇನು?"

"ಅಯ್ಯೋ, ಯಾರೂ ಸತ್ತಿಲ್ಲಮ್ಮ ಇಲ್ಲಿ!"

"ಸಾಯ್ಲಿ ಬಿಡ್ಲಿ. ಅಳು ಬಿದ್ದದಲ್ಲ? ಸೂತಕ ಅಂದ್ರ ಸೂತಕ."

ಹೆಡ್ ಮಾಸ್ಟರು ಡ್ರಮ್ಮಿನ ಕಡೆ ನೋಡಿದರು. ಡ್ರಮ್ಮಿನ ನೀರು ಹೂಕುಂಡದಲ್ಲಿತ್ತು. ಅಜ್ಜಿ ಕಾಯಲಿಲ್ಲ. ವೇದಿಕೆ ಹತ್ತಿ ಅತಿಥಿಗಳ ಮುಂದಿದ್ದ ಬಾಟಲಿಗಳನ್ನು ಬಾಚಿ ತಂದು, ಒಬ್ಬೊಬ್ಬರ ಪಾದಕ್ಕೆ ಇಷ್ಟಿಷ್ಟು ಸುರಿದಳು. ಹೆಂಗಸರ ಸರದಿ ಮುಗಿಯುವಷ್ಟರಲ್ಲಿ ಬಾಟಲಿಗಳು ಖಾಲಿ. ಸಾಹೇಬರು ರೇಷ್ಮೆ ಅಂಗಿಯಲ್ಲಿ ನಿಂತು ನೋಡುತ್ತಲೇ ಇದ್ದರು. ಆಮೇಲೆ ತಮ್ಮ ಕಾಲು ನೋಡಿಕೊಂಡರು. ನಿಶ್ಚಿತಾರ್ಥದ ಮನೆಗೆ ಈ ಕಾಲಲ್ಲಿ ಹೇಗೆ ಕಾಲಿಡುವುದು? ಕಾಲಿಟ್ಟರೆ, ನಾಳೆ ಆ ಹುಡುಗಿಯ ಸಂಸಾರದಲ್ಲಿ ಒಂದು ಲೋಟ ಒಡೆದರೂ ಹೆಂಡತಿ ತಮ್ಮನ್ನು ಬಿಡುತ್ತಾಳೆಯೇ?

"ಡ್ರೈವರ್, ಕಾರಲ್ಲಿ ನೀರಿದ್ಯಾ?"

"ಖಾಲಿ ಸಾರ್."

"ಏನ್ರೀ ಹೆಚ್ಚೆಮ್, ಇಡೀ ಸ್ಕೂಲಲ್ಲಿ ಒಂದು ಚೊಂಬು ನೀರಿಲ್ವಾ? ಟಾಯ್ಲೆಟ್ ಎಲ್ಲಿ?"

"ಇದೆ ಸಾರ್... ಬೀಗ ಇದೆ... ನೀರಿಲ್ಲ ಸಾರ್."

"ಎಷ್ಟು ದಿನದಿಂದ?"

ಹೆಡ್ ಮಾಸ್ಟರು ಬಾಯಿ ತೆರೆಯುವ ಮೊದಲೇ ಹುಡುಗಿಯರೆಲ್ಲ ಒಟ್ಟಿಗೆ "ಮಳೆಗಾಲದಿಂದ ಸಾರ್" ಎಂದರು. ಯಾರೂ ಹೇಳಿಕೊಟ್ಟಿರಲಿಲ್ಲ.

ಎದುರಿನ ಅಪಾರ್ಟ್‌ಮೆಂಟಿಗೆ ನೀರು ಹಾಕಲು ಬಂದ ಟ್ಯಾಂಕರ್ ಒಂದು ಗೇಟಿನ ಹತ್ತಿರ ನಿಂತಿತ್ತು. ಸಾಹೇಬರು ಡ್ರೈವರನ್ನು ಓಡಿಸಿ ಅದನ್ನು ಒಳಗೆ ತರಿಸಿದರು. ಪೈಪನ್ನು ಶೌಚಾಲಯದ ಸಿಮೆಂಟು ತೊಟ್ಟಿಗೆ ಬಿಡಬೇಕಾದರೆ ಬಾಗಿಲು ತೆಗೆಯಬೇಕಲ್ಲ, ಕೊನೆಗೂ ಹೆಡ್ ಮಾಸ್ಟರ ಜೇಬಿನಿಂದ ಕೀ ಹೊರಬಂತು. ಸಾಹೇಬರು ಪ್ಯಾಂಟು ಮಡಚಿಕೊಂಡು ಒಳಗೆ ಹೋದರು. ಕಾಲು ತೊಳೆದು, ಮೂಗು ಮುಚ್ಚಿಕೊಂಡು ಹೊರಗೆ ಬಂದವರು ಅಲ್ಲೇ ನಿಂತು ಯಾರಿಗೋ ಫೋನು ಮಾಡಿ ಕಿರುಚಾಡಿದ್ದು ಮೆಟ್ರೋ ಸ್ಟೇಷನ್ನಿಗೂ ಕೇಳಿರಬೇಕು. ಆ ಸಿಟ್ಟು ನೆಗೆಟಿವ್ ಅಂತ ಯಾರೂ ಅವರಿಗೆ ಹೇಳಲಿಲ್ಲ. ಮೂರನೇ ದಿನ ಹೊಸ ಪಂಪು ಬಂತು.

ಹೆಡ್ ಮಾಸ್ಟರು ನನಗೆ ನೋಟಿಸು ಕೊಟ್ಟರು. ಸರ್ಕಾರಿ ಸಮಾರಂಭದಲ್ಲಿ ನೆಲದ ಮೇಲೆ ಕೂತು ರೋದಿಸಿದ್ದಕ್ಕೆ ಕಾರಣ ತಿಳಿಸಬೇಕಂತೆ. ಪೌರತ್ವ ಶಿಕ್ಷಣದಲ್ಲಿ ಭಾವನೆಗಳ ಪಾತ್ರ ಎಂಬ ತರಬೇತಿಯ ಅನ್ವಯ ನಡೆಸಿದ ಚಟುವಟಿಕೆ ಎಂದು ಉತ್ತರ ಬರೆದುಕೊಟ್ಟೆ. ಅವರು ಅದನ್ನು ಎರಡು ಸಲ ಓದಿದರು.

"ಇದು ಎಲ್ಲಿತ್ತು ಮೇಡಂ ಟ್ರೈನಿಂಗಲ್ಲಿ?"

"ಊಟ ಆದ್ಮೇಲೆ ಹೇಳಿದ್ರು ಸಾರ್. ನೀವು ಮಲಗಿದ್ರಿ."

ಅಲ್ಲಿಗೆ ಆ ಫೈಲು ಮುಚ್ಚಿತು. ಆದರೆ ಆ ಹುಡುಗಿಯ ವಿಷಯ ಮುಗಿದಿರಲಿಲ್ಲ. ನೀರು ಬಂತು, ಬೀಗ ಹೋಯಿತು, ಸರಿ. ಅವಳ ಅವ್ವ ಏನೂ ಹೇಳಿರಲಿಲ್ಲ. ಅಪಾರ್ಟ್‌ಮೆಂಟಿನ ಕೆಲಸಕ್ಕೆ ಮಾತು ಕೊಟ್ಟಾಗಿತ್ತು. ಮನೆಯಲ್ಲಿ ಏನಂದ್ರು ಅಂತ ಕೇಳಿದರೆ ಹುಡುಗಿ "ಏನ್ ಅಂದಿಲ್ರಿ" ಅನ್ನುತ್ತಿದ್ದಳು. ಅವಳ ಕಿಟಕಿ ಪಕ್ಕದ ಜಾಗವನ್ನು ದಿನಾ ನೋಡುತ್ತಿದ್ದೆ. ಎಂದೂ ಇಲ್ಲದ ಹಾಗೆ ಆ ವಾರವೆಲ್ಲ ನಾನು ಯಾರಿಗೂ ಬೈಯಲಿಲ್ಲ. ಮಕ್ಕಳಿಗೆ ಗಾಬರಿಯಾಗಿ, ಹುಷಾರಿಲ್ವಾ ಮಿಸ್ ಎಂದು ಕೇಳಿದರು.

ತಿಂಗಳ ಕೊನೆಯ ದಿನ ಆಕೆ ಗೇಟಿನ ಹತ್ತಿರ ಕಂಡರು. ಟಿ.ಸಿ. ಕೇಳಲು ಬಂದಿದ್ದಾರೆ ಎಂದೇ ಅಂದುಕೊಂಡೆ. ಜಗಳವಾಡಬೇಕೋ ಕಾಲು ಹಿಡಿಯಬೇಕೋ ತಿಳಿಯದೆ ಎದ್ದು ಹೋದೆ.

"ಸಂಡಾಸ ನೋಡ್ಬೇಕ್ರಿ" ಎಂದರು.

ಕರೆದುಕೊಂಡು ಹೋದೆ. ಆಕೆ ಒಳಗೆ ಹೋಗಿ ನಲ್ಲಿ ತಿರುಗಿಸಿದರು, ನೀರು ಬೀಳುವುದನ್ನು ಸ್ವಲ್ಪ ಹೊತ್ತು ನೋಡಿದರು, ನಿಲ್ಲಿಸಿದರು, ಮತ್ತೆ ತಿರುಗಿಸಿದರು. ಬಾಗಿಲು ಹಾಕಿಕೊಂಡು ಒಳಗಿನಿಂದ ಚಿಲಕ ಎಳೆದು ನೋಡಿದರು. ನಾನು ಹೊರಗೆ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವಳ ಹಾಗೆ ನಿಂತಿದ್ದೆ. ಒದ್ದೆ ಕಾಲಲ್ಲಿ ಹೊರಬಂದು, ಸೆರಗು ಸಿಕ್ಕಿಸಿಕೊಂಡು ಹೇಳಿದರು:

"ಚಿಲಕ ಸಡ್ಲ ಅದ್ರಿ. ಇವತ್ತೇ ಹಾಕಸ್ರಿ. ಆ ಕೆಲಸಕ್ಕ ಬ್ಯಾರೆ ಯಾರನ್ನಾರ ನೋಡ್ಕೋರಿ ಅಂತ ಹೇಳಿ ಬಂದೀನಿ. ಪರೀಕ್ಷಾ ಮುಗಿಯೂತನ ಇರ್ತಾಳ ಹುಡುಗಿ."

ಆಕೆಯ ಕೈ ಹಿಡಿದುಕೊಂಡೆ. ಆಕೆ ಕೈ ಬಿಡಿಸಿಕೊಂಡು ನಾಲ್ಕು ಹೆಜ್ಜೆ ಹೋಗಿ, ಹೆಡ್ ಮಾಸ್ಟರ ಕೋಣೆಯ ಮುಂದೆ ನಿಂತು ತಿರುಗಿದರು. ಅವರಿಗೂ ಕೇಳಲಿ ಅಂತ ದನಿ ಸ್ವಲ್ಪ ಏರಿಸಿದರು.

"ಮತ್ತ ನೀರ ನಿಂತ್ರ ಈ ಸಲ ನಾ ಬಂದು ಕುಂದರ್ತೀನ್ರಿ ಮೇಡಂ. ಆಕಿದೇನ್ ಅಳೂರಿ, ಸಣ್ಣಾಕಿ. ನನ್ನ ದನಿ ನೀವಿನ್ನೂ ಕೇಳಿಲ್ಲ."